ಅಣಬೆಗೂ ಒಂದು ಊರಿದೆ

ಮುಂಗಾರಿನ ಮೊದಲ ಗುಡುಗು ಕೇಳಿಸಿದೊಡನೆ ಮಲೆನಾಡು, ಕರಾವಳಿ, ಕೊಡಗಿನ ಜನರ ಕಣ್ಣು ನೆಲದ ಕಡೆ ಹೊರಳುತ್ತದೆ. ಗುಡುಗಿಗೂ ಅಣಬೆಗೂ ನಂಟಿದೆ ಎಂಬುದು ನಮ್ಮ ಹಳ್ಳಿಗರ ಹಳೆಯ ನಂಬಿಕೆ. ಇದೇ ನಂಬಿಕೆ ಸಾವಿರಾರು ಮೈಲಿ ದೂರದ ಅರಬ್ ಮರುಭೂಮಿಯಲ್ಲೂ ಇದೆ ಎಂಬುದು ಕುತೂಹಲದ ಸಂಗತಿ. ಅಲ್ಲಿ ಮರಳಿನೊಳಗೆ ಗಡ್ಡೆಯಂತೆ ಬೆಳೆಯುವ ಒಂದು ಬಗೆಯ ಅಣಬೆಗೆ ‘ಗುಡುಗಿನ ಹೆಣ್ಣುಮಕ್ಕಳು’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ.

ನಾವು ಅಣಬೆ ಎನ್ನುವುದನ್ನು ಕರಾವಳಿಯವರು ಅಳಂಬೆ ಎನ್ನುತ್ತಾರೆ, ತುಳುವರು ಅಲಂಬು ಎನ್ನುತ್ತಾರೆ, ಕೊಡವರು ಕುಮ್ಮು ಎನ್ನುತ್ತಾರೆ. ತಿನ್ನಬಾರದ ಅಣಬೆಗೆ ಮಾತ್ರ ಕನ್ನಡದಲ್ಲಿ ನಾಯಿಕೊಡೆ ಎಂಬ ಹೆಸರು. ಉರ್ದುವಿನಲ್ಲಿ ಅದನ್ನು ‘ಸಾಂಪ್ ಕೀ ಛತ್ರೀ’, ಅಂದರೆ ಹಾವಿನ ಛತ್ರಿ ಎಂದು ಕರೆಯುವುದುಂಟು. ನಾಯಿಯ ಕೊಡೆಯಾಗಲಿ, ಹಾವಿನ ಛತ್ರಿಯಾಗಲಿ, ಅದರಡಿಯಲ್ಲಿ ಮನುಷ್ಯನಿಗೆ ಜಾಗವಿಲ್ಲ ಎಂದು ಎರಡೂ ಭಾಷೆಗಳು ಮೊದಲೇ ಎಚ್ಚರಿಸಿವೆ.

ಆದರೆ ಯಾವುದು ನಾಯಿಯದು, ಯಾವುದು ನಮ್ಮದು ಎಂಬುದನ್ನು ಹೆಸರು ಹೇಳಿಕೊಡುವುದಿಲ್ಲ. ಅದನ್ನು ಹೇಳಿಕೊಡುವುದು ಊರಿನ ಅನುಭವ. ಇತಿಹಾಸದ ಪುಟಗಳನ್ನು ತಿರುವಿ ನೋಡಿದರೆ ವಿಷದ ಅಣಬೆ ಒಂದು ಕಾಲದಲ್ಲಿ ಚಕ್ರವರ್ತಿಗಳ ಊಟದಲ್ಲಿ ಕಾಣಿಸುತ್ತದೆ. ಇಂದು ಅದು ನಿರಾಶ್ರಿತರ ಶಿಬಿರದಲ್ಲಿ, ಕೂಲಿಕಾರರ ಲೈನುಮನೆಗಳಲ್ಲಿ ಕಾಣಿಸುತ್ತಿದೆ. ಈ ದಾರಿ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ತಿಳಿದರೆ ನಮ್ಮ ಮನೆಯ ಒಲೆಯ ಮುಂದೆ ನಾವು ಎಷ್ಟು ಎಚ್ಚರವಾಗಿರಬೇಕು ಎಂಬುದೂ ತಿಳಿಯುತ್ತದೆ.

ಅರಮನೆಯ ಊಟ

ರೋಮ್ ಚಕ್ರವರ್ತಿ ಕ್ಲಾಡಿಯಸ್‌ಗೆ ಅಣಬೆಯೆಂದರೆ ಪ್ರಾಣ. ಕ್ರಿ.ಶ. 54ರ ಅಕ್ಟೋಬರ್‌ನಲ್ಲಿ ಅವನು ತೀರಿಕೊಂಡಾಗ, ಪತ್ನಿ ಅಗ್ರಿಪ್ಪಿನಾ ಅಣಬೆಯಲ್ಲಿ ವಿಷ ಬೆರೆಸಿ ಉಣ್ಣಿಸಿದಳೆಂಬ ಮಾತು ಹಬ್ಬಿತು. ಟಾಸಿಟಸ್, ಸ್ವಿಟೋನಿಯಸ್ ಮೊದಲಾದ ರೋಮನ್ ಇತಿಹಾಸಕಾರರು ಅದನ್ನು ಬರೆದಿಟ್ಟಿದ್ದಾರೆ. ಅವನ ನಂತರ ಪಟ್ಟಕ್ಕೆ ಬಂದವನು ಅಗ್ರಿಪ್ಪಿನಾಳ ಮಗ ನೀರೋ. ಅದು ಬೆರೆಸಿದ ವಿಷವೋ, ಅಣಬೆಯದೇ ವಿಷವೋ, ಸಹಜ ಸಾವೋ ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನಾವು ಗಮನಿಸಬೇಕಾದ್ದು ಬೇರೆ. ಚಕ್ರವರ್ತಿಯ ಊಟವನ್ನು ಮೊದಲು ರುಚಿ ನೋಡಿ ಬಡಿಸುವ ನೌಕರನೊಬ್ಬನಿದ್ದ. ಅರಮನೆಗಳು ಕಂಡುಕೊಂಡಿದ್ದ ರಕ್ಷಣೆ ಅದೊಂದೇ. ಅತ್ಯಂತ ಘೋರವಾದ ಅಣಬೆ ವಿಷದ ಮುಂದೆ ಈ ರಕ್ಷಣೆ ಏನೂ ನಡೆಯದು. ಅದೇಕೆಂದು ಮುಂದೆ ನೋಡೋಣ.

ಅದೇ ಶತಮಾನದ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಅಣಬೆಯ ಅಪಾಯವನ್ನು ಬರೆದಿದ್ದಾನೆ. ನೀರೋನ ಕಾವಲು ಪಡೆಯ ಅಧಿಕಾರಿಗಳು ಒಂದೇ ಔತಣದಲ್ಲಿ ಅಣಬೆ ತಿಂದು ಸತ್ತ ಸಂಗತಿಯೂ ಅದರಲ್ಲಿದೆ. ತುಕ್ಕು ಹಿಡಿದ ಮೊಳೆ, ಕೊಳೆತ ಬಟ್ಟೆ, ಹಾವಿನ ಬಿಲ ಇವುಗಳ ಹತ್ತಿರ ಬೆಳೆದ ಅಣಬೆ ಅವುಗಳ ವಿಷವನ್ನು ಹೀರಿಕೊಳ್ಳುತ್ತದೆ ಎಂಬುದು ಅವನ ತಿಳಿವಳಿಕೆಯಾಗಿತ್ತು. ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಕೂಡ ಇದನ್ನೇ ಬರೆದ. ಡಯಾಸ್ಕೊರಿಡಿಸನ ಗ್ರಂಥ 9ನೇ ಶತಮಾನದ ಬಗ್ದಾದಿನಲ್ಲಿ ಅರಬಿಗೆ ಬಂತು. ಇಸ್ತಿಫಾನ್ ಇಬ್ನ್ ಬಾಸಿಲ್ ಅನುವಾದಿಸಿದ, ಹುನೈನ್ ಇಬ್ನ್ ಇಸ್‌ಹಾಕ್ ತಿದ್ದಿದ. ಅಲ್ಲಿಂದ ಅದು ಸ್ಪೇನಿನ ಕಾರ್ಡೋಬಾವನ್ನೂ ತಲುಪಿತು. ಜ್ಞಾನ ಹೀಗೆ ಊರೂರು ದಾಟಿತು, ನಿಜ. ಜೊತೆಯಲ್ಲೇ ತುಕ್ಕು ಮೊಳೆಯ ಕಥೆಯೂ ದಾಟಿತು. ಬರೆದದ್ದೆಲ್ಲ ಪರೀಕ್ಷೆಗೆ ಒಳಗಾದದ್ದಲ್ಲ ಎಂಬುದಕ್ಕೆ ಇದೊಂದು ಪಾಠ.

ಇನ್ನೊಂದು ಅರಮನೆಯ ಊಟ ನಮ್ಮ ದಕ್ಷಿಣ ಭಾರತದವರೆಗೂ ತನ್ನ ನೆರಳು ಚಾಚಿತು. 1740ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಆರನೇ ಚಾರ್ಲ್ಸ್ ಅಣಬೆಯ ಅಡುಗೆ ಉಂಡ ಮೇಲೆ ಕಾಯಿಲೆ ಬಿದ್ದು, ಸುಮಾರು ಹತ್ತು ದಿನಗಳಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ. ಅವನಿಗೆ ಗಂಡು ಸಂತಾನವಿರಲಿಲ್ಲ. ಮಗಳು ಮರಿಯಾ ತೆರೇಸಾಳ ಹಕ್ಕನ್ನು ನೆರೆಯ ದೊರೆಗಳು ಒಪ್ಪಲಿಲ್ಲ. ಯುರೋಪು ಎಂಟು ವರ್ಷ ಉರಿಯಿತು. ಒಂದು ತಟ್ಟೆ ಅಣಬೆ ಯುರೋಪಿನ ಹಣೆಬರಹವನ್ನೇ ಬದಲಿಸಿತೆಂಬ ಅರ್ಥದಲ್ಲಿ ವಾಲ್ಟೇರ್ ವ್ಯಂಗ್ಯವಾಡಿದ. ಆ ಯುದ್ಧದ ಕಿಡಿ ಇಲ್ಲಿಗೂ ಹಾರಿತು. 1746ರಲ್ಲಿ ಫ್ರೆಂಚರು ಇಂಗ್ಲಿಷರಿಂದ ಮದ್ರಾಸನ್ನು ಕಿತ್ತುಕೊಂಡರು. ಅದನ್ನು ಬಿಡಿಸಲು ಬಂದ ಆರ್ಕಾಟಿನ ನವಾಬ ಅನ್ವರುದ್ದೀನ್ ಖಾನರ ದೊಡ್ಡ ಸೈನ್ಯ ಅಡ್ಯಾರ್ ಹೊಳೆಯ ದಡದಲ್ಲಿ ಫ್ರೆಂಚರ ಸಣ್ಣ ತುಕಡಿಯೆದುರು ಸೋತಿತು. ಅದನ್ನೇ ನಾವು ಮೊದಲನೇ ಕರ್ನಾಟಿಕ್ ಯುದ್ಧ ಎಂದು ಶಾಲೆಯಲ್ಲಿ ಓದಿದ್ದೇವೆ. ಯುದ್ಧಕ್ಕೆ ಕಾರಣ ರಾಜರ ಆಸೆಯೇ ಹೊರತು ಅಣಬೆಯಲ್ಲ. ಆದರೂ ಪಠ್ಯಪುಸ್ತಕದ ಆ ಪುಟದ ಹಿಂದೆ ವಿಯೆನ್ನಾದ ಒಂದು ಊಟದ ಮೇಜೂ ಇದೆ.

ಬೆಳ್ಳಿ ನಾಣ್ಯದ ಭ್ರಮೆ

ಅರಮನೆಯವರು ರುಚಿ ನೋಡುವವನನ್ನು ನಂಬಿದರೆ ಜನಸಾಮಾನ್ಯರು ಕೆಲವು ಪರೀಕ್ಷೆಗಳನ್ನು ನಂಬಿದರು. ಬೇಯುವ ಅಣಬೆಗೆ ಬೆಳ್ಳಿ ನಾಣ್ಯವನ್ನೋ ಚಮಚವನ್ನೋ ಹಾಕಿದರೆ ವಿಷವಿದ್ದಲ್ಲಿ ಕಪ್ಪಾಗುತ್ತದೆ ಎಂಬುದು ಒಂದು. ಬೆಳ್ಳುಳ್ಳಿ ಅಥವಾ ಈರುಳ್ಳಿಯ ಬಣ್ಣ ಬದಲಾಗುತ್ತದೆ ಎಂಬುದು ಇನ್ನೊಂದು. ಅಕ್ಕಿಯೊಂದಿಗೆ ಬೇಯಿಸಿದರೆ ಅನ್ನ ಕೆಂಪಾಗುತ್ತದೆ ಎಂಬುದು ಆಗ್ನೇಯ ಏಷ್ಯಾದ ಕೆಲವೆಡೆಯ ನಂಬಿಕೆ. ಹುಳ ತಿಂದಿದ್ದರೆ ಮನುಷ್ಯನೂ ತಿನ್ನಬಹುದು, ಬಣ್ಣ ಬಣ್ಣದ್ದೆಲ್ಲ ವಿಷ, ಬಿಳಿಯದು ಸಾಧು, ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸಿದರೆ ಯಾವ ವಿಷವೂ ನಿಲ್ಲದು ಎಂಬ ಮಾತುಗಳನ್ನು ನಾವೂ ಕೇಳಿದ್ದೇವೆ.

ಇವುಗಳಲ್ಲಿ ಒಂದೂ ನಿಜವಲ್ಲ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದ. ಒಳ್ಳೆಯ ಮೊಟ್ಟೆಯೂ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ತಿಂದು ಹಾಯಾಗಿರುತ್ತದೆ. ಲೋಕದ ಅತಿ ವಿಷದ ಅಣಬೆಗಳಲ್ಲಿ ಕೆಲವು ಹಾಲಿನಷ್ಟು ಬೆಳ್ಳಗಿವೆ, ಯಾವ ಕೆಟ್ಟ ವಾಸನೆಯೂ ಇಲ್ಲ. ಬದುಕಿ ಉಳಿದ ಹಲವರು ಅದರ ರುಚಿಯನ್ನು ಹೊಗಳಿದ್ದಾರೆ ಎಂದರೆ ಇನ್ನೇನು ಹೇಳುವುದು?

ಓದಿದವರ ಅಹಂಕಾರವೂ ಕೊಂದದ್ದುಂಟು. 1767ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಸಂಗೀತಗಾರ ಯೋಹಾನ್ ಶೋಬರ್ಟ್ ಹೊರವಲಯದಲ್ಲಿ ಅಣಬೆ ಆರಿಸಿಕೊಂಡು, ಬೇಯಿಸಿಕೊಡಲು ಅಡುಗೆಯವರನ್ನು ಕೇಳಿದನಂತೆ. ಅವರು ಇದು ವಿಷ, ಮುಟ್ಟೆವು ಎಂದರಂತೆ. ಜೊತೆಯಲ್ಲಿದ್ದ ವೈದ್ಯ ಇದು ಒಳ್ಳೆಯದೇ ಎಂದನಂತೆ. ಕೊನೆಗೆ ಮನೆಯಲ್ಲೇ ಬೇಯಿಸಿ ಉಂಡು ಶೋಬರ್ಟ್, ಅವನ ಹೆಂಡತಿ, ಮಗು, ಸ್ನೇಹಿತರು ಸತ್ತರು. ಅಡುಗೆಯವರ ಮಾತು ನಿಜವಾಗಿತ್ತು, ವೈದ್ಯನ ಮಾತು ಸುಳ್ಳಾಗಿತ್ತು. 1944ರಲ್ಲಿ ಯೂಲಿಯುಸ್ ಶೆಫರ್ ಎಂಬ ಜರ್ಮನಿಯ ಅಣಬೆ ಶಾಸ್ತ್ರಜ್ಞನೇ, ಬೇಯಿಸಿದರೆ ತಿನ್ನಬಹುದೆಂದು ಆಗಿನ ಪುಸ್ತಕಗಳು ಹೇಳುತ್ತಿದ್ದ ಒಂದು ಅಣಬೆ ತಿಂದು ತೀರಿಕೊಂಡ. ಮನುಷ್ಯನ ತಿಳಿವಳಿಕೆಗೆ ಒಂದು ಮಿತಿಯಿದೆ ಎಂದು ಒಪ್ಪಿಕೊಳ್ಳುವುದೇ ಅಣಬೆಯ ವಿಷಯದಲ್ಲಿ ಮೊದಲನೆಯ ಸುರಕ್ಷತೆ.

ಸುಳ್ಳು ಚೇತರಿಕೆ

ಅಣಬೆಯಿಂದಾಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣವಾಗಿರುವುದು ಅಮಾನಿಟಾ ಫ್ಯಾಲಾಯ್ಡಿಸ್ ಮತ್ತು ಅದರ ಕುಲದ ಕೆಲವು ಅಣಬೆಗಳು. ಇಂಗ್ಲಿಷರು ಅದನ್ನು ಡೆತ್ ಕ್ಯಾಪ್, ಅಂದರೆ ಸಾವಿನ ಟೋಪಿ ಎನ್ನುತ್ತಾರೆ. ತಿಳಿಹಸಿರು ಅಥವಾ ಹಳದಿ ಛಾಯೆಯ ಟೋಪಿ, ಬಿಳಿಯ ಪದರಗಳು, ಕಾಂಡಕ್ಕೊಂದು ಉಂಗುರ, ಬುಡದಲ್ಲಿ ಮಣ್ಣಿನೊಳಗೆ ಹುದುಗಿದ ಒಂದು ಚೀಲ. ಅದರ ವಿಷಗಳನ್ನು ಬೇರ್ಪಡಿಸುವ ಕೆಲಸ 1930 ಮತ್ತು 1940ರ ದಶಕಗಳಲ್ಲಿ ಜರ್ಮನಿಯಲ್ಲಿ ನಡೆಯಿತು. 1941ರಲ್ಲಿ ಹೈನ್ರಿಶ್ ವೀಲಾಂಡ್ ಮತ್ತು ಸಂಗಡಿಗರು ಅಮಾನಿಟಿನ್ ಎಂಬ ವಿಷವನ್ನು ಬೇರ್ಪಡಿಸಿದರು. ನಮ್ಮ ದೇಹದ ಕೋಶ ತನಗೆ ಬೇಕಾದ ಪ್ರೋಟೀನನ್ನು ತಯಾರಿಸಲು ವಂಶವಾಹಿಯ ಬರಹವನ್ನು ಓದಿ ನಕಲು ಮಾಡಿಕೊಳ್ಳಬೇಕು. ಆ ನಕಲು ಮಾಡುವ ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತದೆ. ಯಕೃತ್ತಿನ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕುದಿಸಿದರೆ, ಹುರಿದರೆ, ಒಣಗಿಸಿದರೆ, ಫ್ರಿಜ್ಜಿನಲ್ಲಿಟ್ಟರೆ ಅದು ನಾಶವಾಗುವುದಿಲ್ಲ. ಒಂದೇ ಒಂದು ಅಣಬೆ ದೊಡ್ಡವರ ಪ್ರಾಣಕ್ಕೂ ಸಾಕು.

ಇದರ ಮೋಸವಿರುವುದು ಸಮಯದಲ್ಲಿ. ತಿಂದ ಮೇಲೆ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ಒಂದು ದಿನ, ಏನೂ ಆಗುವುದಿಲ್ಲ. ಚಕ್ರವರ್ತಿಯ ಮುಂದೆ ರುಚಿ ನೋಡಿದ ನೌಕರ ಆರೋಗ್ಯವಾಗಿಯೇ ನಿಂತಿರುತ್ತಾನೆ. ನಾಯಿಗೆ ಒಂದು ತುತ್ತು ಹಾಕಿ ನೋಡಿದವರೂ ಇದರಿಂದಲೇ ಮೋಸಹೋದರು. ಆಮೇಲೆ ವಾಂತಿ, ನೀರಿನಂಥ ಭೇದಿ. ಒಂದು ದಿನ ಕಳೆದು ಅದು ನಿಲ್ಲುತ್ತದೆ. ರೋಗಿ ಎದ್ದು ಕೂರುತ್ತಾನೆ, ಗಂಜಿ ಕೇಳುತ್ತಾನೆ. ಮನೆಯವರು ದೇವರಿಗೆ ಕೃತಜ್ಞತೆ ಹೇಳಿ ನಿಟ್ಟುಸಿರು ಬಿಡುತ್ತಾರೆ. ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಎರಡು ಮೂರು ದಿನಗಳಲ್ಲಿ ಕಣ್ಣು ಹಳದಿಯಾಗುತ್ತದೆ, ಮೂತ್ರ ನಿಲ್ಲುತ್ತದೆ, ಪ್ರಜ್ಞೆ ತಪ್ಪುತ್ತದೆ. ಈ ಸುಳ್ಳು ಚೇತರಿಕೆಯನ್ನು ನಂಬಿ ಆಸ್ಪತ್ರೆಯಿಂದ ಮನೆಗೆ ಮರಳಿದವರು ಎಷ್ಟೋ ಮಂದಿ.

ಪದವೂ ಊರು ಬಿಡುತ್ತದೆ

ಅರಬಿ ಭಾಷೆಯಲ್ಲಿ ನೆಲದೊಳಗಿನ ಗಡ್ಡೆ ಅಣಬೆಗೆ ಕಮ್‌ಅ, ನೆಲದ ಮೇಲೆ ಕೊಡೆಯಂತೆ ನಿಲ್ಲುವುದಕ್ಕೆ ಫುತ್ರ್ ಎಂಬ ಎರಡು ಬೇರೆ ಬೇರೆ ಪದಗಳಿವೆ. ಕಮ್‌ಅ ಎಂಬುದು ‘ಮನ್ನ’ದ ಬಗೆಯದು ಎಂದು ಪ್ರವಾದಿ ಮುಹಮ್ಮದ್(ಸ)ರು ಹೇಳಿದ ಮಾತು ಬುಖಾರಿ ಹಾಗೂ ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ಮನ್ನ ಎಂದರೆ ಪ್ರವಾದಿ ಮೂಸಾ(ಅ)ರ ಜನರಿಗೆ ಉತ್ತಿ ಬಿತ್ತದೆ ದೊರೆತ ಆಹಾರ. ಕಮ್‌ಅ ಕೂಡ ಯಾರೂ ಬಿತ್ತದೆ, ಮರುಭೂಮಿಯ ಒಂದು ಸಣ್ಣ ಪೊದೆಯ ಬೇರಿನೊಂದಿಗೆ ಬೆಳೆಯುವಂಥದ್ದು. ಸಿರಿಯಾ, ಇರಾಕ್, ಅರೇಬಿಯಾದ ಬಡವರಿಗೆ ಅದು ಅಂದೂ ಇಂದೂ ಆಹಾರ, ಆದಾಯ.

ಉರ್ದು ಅನುವಾದಗಳಲ್ಲಿ ಈ ಕಮ್‌ಅ ಎಷ್ಟೋ ಸಲ ‘ಖುಂಬಿ’ ಎಂದಾಗಿದೆ. ಖುಂಬಿ ಎಂದರೆ ನಮ್ಮ ಕಡೆಯ ಕೊಡೆ ಅಣಬೆಯೂ ಆಗಬಹುದು. ನಮ್ಮ ನೆಲದಲ್ಲಿ ಆ ಮರುಭೂಮಿಯ ಗಡ್ಡೆ ಪರಿಚಿತವಲ್ಲದ್ದರಿಂದ ಅನುವಾದಕರು ಹತ್ತಿರದ ಪದ ಹುಡುಕಿದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಹದೀಸಿನ ಮಾತು ಕಮ್‌ಅ ಕುರಿತದ್ದೇ ಹೊರತು ಮಳೆಗಾಲದಲ್ಲಿ ಹಿತ್ತಲಲ್ಲಿ ಎದ್ದ ಎಲ್ಲ ಕೊಡೆಗಳ ಬಗ್ಗೆ ಅಲ್ಲ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ನೆಲದ ಪದವನ್ನು ಇನ್ನೊಂದು ನೆಲಕ್ಕೆ ತಂದಾಗ ಅರ್ಥ ಹೀಗೆ ಸರಿಯುತ್ತದೆ. ಮನುಷ್ಯ ಊರು ಬಿಟ್ಟಾಗಲೂ ಆಗುವುದು ಇದೇ.

ಇಬ್ಬರು ವಲಸಿಗರು

ಸಾವಿನ ಟೋಪಿಯ ತವರು ಯುರೋಪು. ಅದು ಓಕ್ ಮುಂತಾದ ಮರಗಳ ಬೇರಿನೊಂದಿಗೆ ಕೊಡುಕೊಳ್ಳುವಿಕೆ ನಡೆಸಿ ಬದುಕುತ್ತದೆ. ಯುರೋಪಿಯನ್ನರು ದೂರದ ಖಂಡಗಳಲ್ಲಿ ನಗರ ಕಟ್ಟಿ ತಮ್ಮ ತಾಯ್ನಾಡಿನ ಮರಗಳನ್ನು ನೆಟ್ಟರು. ಆ ಸಸಿಗಳ ಬೇರಿನಲ್ಲಿ ಅಣಬೆಯೂ ಹಡಗು ಹತ್ತಿತು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ರಸ್ತೆ ಬದಿಯ ಓಕ್ ಮರಗಳಡಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದು ನೆಲೆ ನಿಂತದ್ದು ಹೀಗೆ.

ಅಲ್ಲಿಗೆ ಇನ್ನೊಂದು ದಿಕ್ಕಿನಿಂದ ಮನುಷ್ಯರೂ ಬಂದರು. ಚೀನಾ, ಲಾವೋಸ್, ವಿಯೆಟ್ನಾಂ ಕಡೆಯ ಜನ ಭತ್ತದ ಹುಲ್ಲಿನ ಅಣಬೆಯನ್ನು ಪ್ರೀತಿಯಿಂದ ತಿನ್ನುವವರು. ಎಳೆಯದಾಗಿದ್ದಾಗ ಅದು ಮೊಟ್ಟೆಯ ಹಾಗಿರುತ್ತದೆ, ಬುಡದಲ್ಲಿ ಚೀಲವಿರುತ್ತದೆ. ಸಾವಿನ ಟೋಪಿಯೂ ಎಳವೆಯಲ್ಲಿ ಹಾಗೆಯೇ. ಯುದ್ಧದಿಂದ ತಪ್ಪಿಸಿಕೊಂಡು ಲಾವೋಸಿನಿಂದ ಅಮೆರಿಕ ಸೇರಿದ ನಿರಾಶ್ರಿತರು 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಣಬೆ ತಿಂದು ಆಸ್ಪತ್ರೆ ಸೇರಿದ್ದು ದಾಖಲಾಗಿದೆ. 2011ರ ಕೊನೆಯ ರಾತ್ರಿ ಕ್ಯಾನ್‌ಬೆರಾದಲ್ಲಿ ಚೀನಾ ಮೂಲದ ಅಡುಗೆಯವನೊಬ್ಬ ತಾನು ಆರಿಸಿ ತಂದ ಅಣಬೆಯಿಂದ ಹೊಸವರ್ಷದ ಊಟ ಮಾಡಿದ. ಅವನೂ ಜೊತೆಯಲ್ಲಿ ಉಂಡ ಒಬ್ಬ ಹೆಣ್ಣುಮಗಳೂ ಕೆಲವೇ ದಿನಗಳಲ್ಲಿ ಸತ್ತರು. ಜೀವನವೆಲ್ಲ ಅಡುಗೆಯನ್ನೇ ಬಲ್ಲವನ ಅನುಭವವೂ ಅಲ್ಲಿ ಕೈಕೊಟ್ಟಿತು. ಅವನ ತಿಳಿವಳಿಕೆ ಸುಳ್ಳಾಗಿರಲಿಲ್ಲ, ಆದರೆ ಅದು ಬೇರೊಂದು ನೆಲದ್ದಾಗಿತ್ತು.

2015ರಲ್ಲಿ ಸಿರಿಯಾದ ಜನ ಜರ್ಮನಿಗೆ ಬಂದು ಸೇರುತ್ತಿದ್ದ ದಿನಗಳು. ಅದು ಅಲ್ಲಿ ಅಣಬೆ ಏಳುವ ಕಾಲವೂ ಹೌದು. ಮೆಡಿಟರೇನಿಯನ್ ಕಡೆ ತಿನ್ನುವ ಅಣಬೆಯೊಂದನ್ನು ಹೋಲುವ ಸಾವಿನ ಟೋಪಿಯನ್ನು ಶಿಬಿರವಾಸಿಗಳು ಆರಿಸಿ ತಿಂದರು. ಹ್ಯಾನೋವರ್ ವೈದ್ಯಕೀಯ ವಿದ್ಯಾಲಯದ ಆಸ್ಪತ್ರೆಯೊಂದಕ್ಕೇ ಸುಮಾರು 30 ಮಂದಿ ಬಂದರು. 16 ವರ್ಷದ ಸಿರಿಯನ್ ಹುಡುಗನೊಬ್ಬ ಜರ್ಮನಿಯಲ್ಲಿ ಸತ್ತ. ಆ ಆಸ್ಪತ್ರೆ ಕೂಡಲೇ ಅರಬಿ, ಕುರ್ದಿ ಮುಂತಾದ ಭಾಷೆಗಳಲ್ಲಿ ಚಿತ್ರಸಹಿತ ಎಚ್ಚರಿಕೆಯ ಪತ್ರಗಳನ್ನು ಹಂಚಿತು. ಬೆಳ್ಳಿ ನಾಣ್ಯ ಮಾಡಲಾಗದ ಕೆಲಸವನ್ನು ತಾಯ್ನುಡಿಯ ನಾಲ್ಕು ಸಾಲು ಮಾಡಬಲ್ಲದು.

2021ರ ಆಗಸ್ಟ್‌ನಲ್ಲಿ ಕಾಬೂಲಿನ ವಿಮಾನ ನಿಲ್ದಾಣದ ನೂಕುನುಗ್ಗಲನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅಲ್ಲಿಂದ ಪಾರಾಗಿ ಪೋಲೆಂಡಿನ ವಾರ್ಸಾ ಬಳಿಯ ಶಿಬಿರ ಸೇರಿದ ಕುಟುಂಬವೊಂದು ಪಕ್ಕದ ಕಾಡಿನ ಅಣಬೆಯಿಂದ ಸಾರು ಮಾಡಿಕೊಂಡಿತು. ಐದು ಮತ್ತು ಆರು ವರ್ಷದ ಇಬ್ಬರು ಅಣ್ಣತಮ್ಮಂದಿರು ಸೆಪ್ಟೆಂಬರ್ ಆರಂಭದಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ದೊಡ್ಡವನಿಗೆ ಯಕೃತ್ತಿನ ಕಸಿ ಮಾಡಿದರೂ ಉಳಿಯಲಿಲ್ಲ. ಬಾಂಬಿನಿಂದ ಉಳಿದು ಬಂದ ಮಕ್ಕಳನ್ನು ಶಾಂತವಾದ ಒಂದು ಕಾಡು ಕೊಂದಿತು. ಪೋಲೆಂಡಿನ ಜನರಾದರೋ ಅಣಬೆ ಆರಿಸುವುದನ್ನು ಮನೆತನದ ವಿದ್ಯೆಯಂತೆ ಕಲಿತವರು. ಸರಕಾರಿ ಆರೋಗ್ಯ ಕೇಂದ್ರಕ್ಕೆ ಬುಟ್ಟಿ ಒಯ್ದರೆ ಪರಿಶೀಲಿಸಿ ಹೇಳುವ ತಜ್ಞರೂ ಅಲ್ಲಿದ್ದಾರೆ. 1918ರಲ್ಲಿ ಪೋಜ್ನಾನ್ ಸಮೀಪ ಶಾಲೆಯ 31 ಮಕ್ಕಳನ್ನು ಇದೇ ಅಣಬೆಗೆ ಕಳೆದುಕೊಂಡ ನಾಡು ಅದು. ಆ ತಿಳಿವಳಿಕೆ ಪೋಲಿಷ್ ಭಾಷೆಯಲ್ಲಿತ್ತು, ಆ ತಾಯಿಯ ಭಾಷೆಯಲ್ಲಿರಲಿಲ್ಲ.

ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ಸಿರಿಯಾದಲ್ಲೇ ಉಳಿದವರಿಗೆ ಕಮ್‌ಅ ಚಿರಪರಿಚಿತ, ಅದರಲ್ಲಿ ವಿಷವಿಲ್ಲ. ಆದರೆ ಅದನ್ನು ಅಗೆಯಲು ಹೋದವರು ಯುದ್ಧದ ನಂತರ ನೆಲದಲ್ಲಿ ಹೂತ ಸಿಡಿಗುಂಡುಗಳಿಗೆ ಬಲಿಯಾದರು. 2023ರ ಫೆಬ್ರುವರಿಯಲ್ಲಿ ಅಲ್ ಸುಖ್ನಾ ಪಟ್ಟಣದ ಬಳಿ ಕಮ್‌ಅ ಆರಿಸುತ್ತಿದ್ದ 50ಕ್ಕೂ ಹೆಚ್ಚು ಜನರನ್ನು ಬಂದೂಕುಧಾರಿಗಳು ಕೊಂದರು. ತವರಿನಲ್ಲಿ ಅಣಬೆ ಒಳ್ಳೆಯದಿತ್ತು, ನೆಲ ಕೆಟ್ಟಿತ್ತು. ಪರದೇಶದಲ್ಲಿ ನೆಲ ಒಳ್ಳೆಯದಿತ್ತು, ಅಣಬೆ ಕೆಟ್ಟಿತ್ತು. ಹಸಿದವನು ಎಲ್ಲಿಗೆ ಹೋಗಬೇಕು?

ಚಹಾ ತೋಟದ ಲೈನುಮನೆಗಳು

ನಮ್ಮ ದೇಶದ ಕಡೆ ಬರೋಣ. ಮನುಸ್ಮೃತಿ ಬೆಳ್ಳುಳ್ಳಿ, ಈರುಳ್ಳಿಯ ಜೊತೆಗೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸಿತು. ಹೀಗಾಗಿ ಅಣಬೆಯ ವಿದ್ಯೆ ಶಾಸ್ತ್ರಗ್ರಂಥಗಳಿಗಿಂತ ಹೆಚ್ಚಾಗಿ ಆದಿವಾಸಿಗಳ, ದಲಿತರ, ಕಾಡಂಚಿನ ರೈತರ, ಅದರಲ್ಲೂ ಹೆಂಗಸರ ಬಾಯಲ್ಲಿ ಉಳಿಯಿತು. ಹುತ್ತದ ಅಣಬೆಯನ್ನು ಬಲ್ಲ ಹಳ್ಳಿಯ ಹೆಂಗಸು ಬರೀ ಟೋಪಿ ನೋಡುವುದಿಲ್ಲ. ಗೆದ್ದಲಿನ ಗೂಡಿನವರೆಗೆ ಇಳಿದ ಉದ್ದನೆಯ ಬೇರು, ಎದ್ದ ಜಾಗ, ಮಳೆಯ ನಕ್ಷತ್ರ, ವಾಸನೆ ಎಲ್ಲವನ್ನೂ ಕೂಡಿಸಿ ನೋಡುತ್ತಾಳೆ. ಅವಳ ಬಾಯಲ್ಲಿರುವುದು ಹಲವು ತಲೆಮಾರುಗಳು ಒಂದೇ ನೆಲದಲ್ಲಿ ನಿಂತು ಗಳಿಸಿದ ತಿಳಿವಳಿಕೆ. ಅದಕ್ಕೆ ಲಿಪಿಯಿಲ್ಲ, ಆದ್ದರಿಂದ ಊರು ಬಿಟ್ಟರೆ ಅದರ ಕೊಂಡಿ ಕಳಚುತ್ತದೆ.

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಿಂದ ಕಾಡಣಬೆ ತಿಂದವರು ದಿಬ್ರುಗಢದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬರತೊಡಗಿದರು. ಕೆಲವೇ ದಿನಗಳಲ್ಲಿ 13 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಹೆಚ್ಚಿನವರು ಚಹಾ ತೋಟದ ಕೂಲಿ ಕುಟುಂಬದವರು. 2008ರಲ್ಲೂ ಅಲ್ಲಿನ ತೋಟಗಳಲ್ಲಿ ಇಂಥದೇ ಸಾವುಗಳಾಗಿದ್ದವು. ಈ ಜನರ ಪೂರ್ವಜರನ್ನು 19ನೇ ಶತಮಾನದಲ್ಲಿ ಬ್ರಿಟಿಷ್ ತೋಟಗಾರರು ಛೋಟಾನಾಗಪುರ, ಒಡಿಶಾ ಮುಂತಾದ ಕಡೆಗಳಿಂದ ದಲ್ಲಾಳಿಗಳ ಮೂಲಕ ಸಾಗಿಸಿ ತಂದರು. ಅವರು ಬಲ್ಲದ್ದು ಸಾಲ್ ಮರದ ಕಾಡಿನ ಅಣಬೆಗಳನ್ನು, ಬಂದು ಸೇರಿದ್ದು ಬ್ರಹ್ಮಪುತ್ರಾ ಕಣಿವೆಯನ್ನು. ಇಷ್ಟೂ ಸಾವುಗಳಿಗೆ ಆ ಹಳೆಯ ವಲಸೆಯೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಬಡತನ ಅದಕ್ಕಿಂತ ಹತ್ತಿರದ ಕಾರಣ. ಸಂತೆಯಲ್ಲಿ ತರಕಾರಿ ಕೊಳ್ಳಬಲ್ಲವನು ಅನುಮಾನವಿದ್ದ ಅಣಬೆಯನ್ನು ಎಸೆಯುತ್ತಾನೆ. ಕೊಳ್ಳಲಾರದವನು ಅನುಮಾನವನ್ನೇ ಎಸೆಯುತ್ತಾನೆ.

2023ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮಹಿಳೆಯೊಬ್ಬಳು ನೆಂಟರಿಗೆ ಸಾವಿನ ಟೋಪಿ ಬೆರೆಸಿದ ಊಟವಿಕ್ಕಿ ಮೂವರನ್ನು ಕೊಂದಳು. 2025ರಲ್ಲಿ ಅವಳಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಸುದ್ದಿಯನ್ನು ಲೋಕದ ಪತ್ರಿಕೆಗಳೆಲ್ಲ ತಿಂಗಳುಗಟ್ಟಲೆ ಬರೆದವು. ದಿಬ್ರುಗಢದ 13 ಜನರಿಗೆ ಸಿಕ್ಕಿದ್ದು ಒಂದೆರಡು ದಿನದ ನಾಲ್ಕು ಸಾಲು. ಕ್ಲಾಡಿಯಸ್‌ನ ಕಾಲದಿಂದಲೂ ಕೊಲೆಗಾರರ ಅಣಬೆಗೆ ಸಿಗುವ ಮಾನ ಹಸಿದವರ ಅಣಬೆಗೆ ಸಿಕ್ಕಿಲ್ಲ.

ಆದರೆ ತಿಳಿವಳಿಕೆ ತಲುಪಿದರೆ ಸಾವು ನಿಲ್ಲುತ್ತದೆ ಎಂಬುದಕ್ಕೆ ಚೀನಾದ ಯುನ್ನಾನ್ ಪ್ರಾಂತ್ಯ ಸಾಕ್ಷಿ. ಅಲ್ಲಿನ ಬೆಟ್ಟದ ಹಳ್ಳಿಗಳಲ್ಲಿ ಸುಮಾರು ಮೂವತ್ತು ವರ್ಷ ಮಳೆಗಾಲ ಬಂತೆಂದರೆ ಆರೋಗ್ಯವಾಗಿದ್ದವರು ಹಠಾತ್ತನೆ ಕುಸಿದು ಸಾಯುತ್ತಿದ್ದರು. ನೂರಾರು ಜೀವಗಳು ಹೋದವು. ಸಂಶೋಧಕರು ಹಳ್ಳಿಹಳ್ಳಿ ಅಲೆದು 2010ರ ಹೊತ್ತಿಗೆ ಒಂದು ಸಣ್ಣ ಬಿಳಿ ಅಣಬೆಯತ್ತ ಬೆರಳು ತೋರಿಸಿದರು. ಒಳ್ಳೆಯ ಅಣಬೆಯನ್ನೆಲ್ಲ ಮಾರುಕಟ್ಟೆಗೆ ಕೊಟ್ಟು, ಯಾರೂ ಕೊಳ್ಳದ ಆ ಬಿಳಿಯದನ್ನು ಬಡವರು ತಾವು ತಿನ್ನುತ್ತಿದ್ದರು. ಅದನ್ನು ತಿನ್ನಬೇಡಿ ಎಂದು ಮನೆಮನೆಗೆ ಹೇಳಿದ ಮೇಲೆ ಸಾವುಗಳು ಬಹುಮಟ್ಟಿಗೆ ನಿಂತವು. ಸ್ವಿಟ್ಜರ್ಲೆಂಡಿನಲ್ಲಿ ಊರಿನ ಅಣಬೆ ಪರಿಶೀಲಕರ ಸಂಘ 1925ರಿಂದಲೇ ಕೆಲಸ ಮಾಡುತ್ತಿದೆ. ನಮ್ಮಲ್ಲಿ ಮಳೆಗಾಲದ ಸಂತೆಗಳಲ್ಲಿ, ಹೆದ್ದಾರಿ ಬದಿಯಲ್ಲಿ ಅಣಬೆ ಮಾರಾಟ ಧಾರಾಳವಾಗಿ ನಡೆಯುತ್ತದೆ. ಅದನ್ನು ನೋಡಿ ಹೇಳುವ ಒಬ್ಬ ನುರಿತವರನ್ನು ಪಂಚಾಯತಿಗೆ ಒಬ್ಬರಂತೆ ಗುರುತಿಸಿ ಗೌರವಧನ ಕೊಟ್ಟರೆ, ಅಳಿಯುತ್ತಿರುವ ವಿದ್ಯೆಯೂ ಉಳಿದೀತು, ಜೀವವೂ ಉಳಿದೀತು.

ನಾವು ಪಾಲಿಸಬೇಕಾದ್ದು

ಅಲ್ಲಿಯವರೆಗೆ ಕೆಲವು ಮಾತುಗಳನ್ನು ಮನೆಯವರಿಗೆಲ್ಲ ತಿಳಿಸಿಡುವುದು ಒಳ್ಳೆಯದು. ಇದೇ ಊರಿನಲ್ಲಿ ಇದೇ ಅಣಬೆಯನ್ನು ವರ್ಷಗಟ್ಟಲೆ ತಿಂದು ಬಲ್ಲ ಹಿರಿಯರು ಕಣ್ಣಾರೆ ನೋಡಿ ಹೌದು ಎನ್ನದೆ ಯಾವ ಕಾಡಣಬೆಯನ್ನೂ ತಿನ್ನಬಾರದು. ಪುಸ್ತಕದ ಚಿತ್ರ, ಮೊಬೈಲಿನ ಫೋಟೋ ಇದಕ್ಕೆ ಸಾಲದು. ಊರು ಬದಲಾದರೆ ಮಗುವಿನಂತೆ ಮತ್ತೆ ಮೊದಲಿನಿಂದ ಕಲಿಯಬೇಕು. ಕುರುಚಲು ಹುಲ್ಲಿನಲ್ಲಿ, ಪಾರ್ಕುಗಳಲ್ಲಿ ಮಳೆಗೆ ಏಳುವ ದೊಡ್ಡ ಬಿಳಿ ಕೊಡೆಯೊಂದಿದೆ. ಬಲಿತ ಮೇಲೆ ಅದರ ಪದರ ಹಸಿರುಬಣ್ಣಕ್ಕೆ ತಿರುಗುತ್ತದೆ. ಅದು ಸಾಮಾನ್ಯವಾಗಿ ಕೊಲ್ಲದಿದ್ದರೂ ತಿಂದ ಕೆಲವು ಗಂಟೆಗಳಲ್ಲಿ ವಿಪರೀತ ವಾಂತಿಭೇದಿ ತರುತ್ತದೆ.

ಪರಿಶೀಲನೆಗಾಗಿ ಕೀಳುವಾಗ ಬುಡಸಮೇತ ಕೀಳಬೇಕು. ಕಾಂಡವನ್ನು ಮೇಲಿಂದ ಕತ್ತರಿಸಿದರೆ ಬುಡದ ಚೀಲ ಮಣ್ಣಿನಲ್ಲೇ ಉಳಿದು ಮುಖ್ಯ ಗುರುತೇ ತಪ್ಪುತ್ತದೆ. ವಿಷದ ಅಣಬೆಯನ್ನು ಬರಿಗೈಯಲ್ಲಿ ಮುಟ್ಟಿದ ಮಾತ್ರಕ್ಕೆ ವಿಷವೇರದು, ಹೆದರಬೇಕಿಲ್ಲ, ಕೈ ತೊಳೆದುಕೊಂಡರೆ ಸಾಕು. ಆದರೆ ಗೊತ್ತಿದ್ದುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಒಳ್ಳೆಯ ಅಣಬೆಯೂ ಬೆವರಿ ಕೊಳೆಯುತ್ತದೆ, ಆದ್ದರಿಂದ ಬಿದಿರ ಬುಟ್ಟಿಯೋ ಬಟ್ಟೆಯೋ ಇರಲಿ. ಔಷಧಿ ಹೊಡೆದ ತೋಟ, ವಾಹನ ಓಡಾಡುವ ರಸ್ತೆಬದಿಯ ಅಣಬೆ ಬೇಡ, ಅದು ನೆಲದ ಲೋಹಗಳನ್ನು ಹೀರಿಕೊಳ್ಳುತ್ತದೆ. ಹಸಿಯಾಗಿ ತಿನ್ನುವುದೂ ಬೇಡ. ಮಕ್ಕಳು ಆಡುತ್ತಾ ಕೊಡೆಯ ತುಂಡನ್ನು ಬಾಯಿಗಿಟ್ಟಿದ್ದರೆ ಉಗುಳಿಸಿ, ಅಣಬೆಯನ್ನು ಎತ್ತಿಟ್ಟುಕೊಂಡು ವೈದ್ಯರ ಬಳಿ ಹೋಗಬೇಕು.

ತಿಂದ ಮೇಲೆ ಅನುಮಾನ ಬಂದರೆ, ವಾಂತಿಯಾಗಲಿ ಬಿಡಲಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಂಡವರೆಲ್ಲರೂ ಹೋಗಬೇಕು. ಉಳಿದ ಅಣಬೆ, ಸಿಪ್ಪೆ, ಸಾರು ಏನಿದ್ದರೂ ಕೊಂಡೊಯ್ಯಬೇಕು, ತಿಂದ ಹೊತ್ತನ್ನು ಹೇಳಬೇಕು. ಆರು ಗಂಟೆ ಕಳೆದು ಶುರುವಾದ ವಾಂತಿ ಅತಿ ಅಪಾಯದ ಸೂಚನೆ. ವಾಂತಿ ನಿಂತಿತು, ಸುಧಾರಿಸಿತು ಎಂದು ಮನೆಗೆ ಮರಳಬಾರದು. ಬೇಗ ಬಂದವರನ್ನು ಇದ್ದಿಲಿನ ಔಷಧಿ, ಡ್ರಿಪ್, ಯಕೃತ್ತನ್ನು ಕಾಯುವ ಮದ್ದು, ಕೊನೆಗೆ ಯಕೃತ್ತಿನ ಕಸಿಯಿಂದ ಇಂದಿನ ವೈದ್ಯರು ಉಳಿಸಿದ್ದಾರೆ. ತಡವಾದವರಿಗೆ ಇಂದಿಗೂ ಖಚಿತವಾದ ಮದ್ದಿಲ್ಲ.

ಕ್ಲಾಡಿಯಸ್‌ನಿಂದ ವಾರ್ಸಾ ಶಿಬಿರದ ಮಕ್ಕಳವರೆಗೆ ಎರಡು ಸಾವಿರ ವರ್ಷ ಸಂದಿದೆ. ಆ ವಿಷ ಹೇಗೆ ಕೊಲ್ಲುತ್ತದೆ ಎಂಬ ಗುಟ್ಟು ಈಗ ವಿಜ್ಞಾನಕ್ಕೆ ತಿಳಿದಿದೆ. ಹೊಸದಾಗಿ ಊರಿಗೆ ಬಂದ ಕೂಲಿಯವನಿಗೆ, ಬಾಡಿಗೆ ಮನೆಗೆ ಬಂದ ಪರಭಾಷೆಯ ಕುಟುಂಬಕ್ಕೆ, ನಮ್ಮ ತೋಟಗಳಿಗೆ ದೂರದಿಂದ ದುಡಿಯಲು ಬಂದ ಹೆಣ್ಣುಮಗಳಿಗೆ ಅದನ್ನು ಹೇಳುವವರು ಯಾರು? ಆ ಕೆಲಸಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಬೇಲಿಯ ಈಚೆ ನಿಂತು, ಅವರ ಮಡಿಲಲ್ಲಿರುವ ಅಣಬೆಯನ್ನು ನೋಡಿ, ಇದು ಬೇಡಮ್ಮ, ಇದು ನಮ್ಮ ಕಡೆ ನಾಯಿಕೊಡೆ ಎಂದು ಹೇಳಿದರೆ ಸಾಕು. ನೆರೆಯವನ ಹಕ್ಕುಗಳಲ್ಲಿ ಇದೂ ಒಂದು.